ಆರಕ್ಕೊಂದು

ಎರಡನೆಯ ಇಯತ್ತೆಗೂ ಮೊದಲು ನನಗೆ ಬಂದ ಮಗ್ಗಿ ಅದೊಂದೇ:
ಆರು ಎಸ್ಕುಡೊಕ್ಕೆ ನಮ್ಮ ಒಂದು ರೂಪಾಯಿ,
ಮೂರಕ್ಕೆ ಎಂಟಾಣೆ,
ಅರವತ್ತು ಸೆಂತಾವಿಗೆ ಹತ್ತು ನಯಾಪೈಸೆ.
ಅಪ್ಪ ತಕ್ಕಡಿ ಒರೆಸುತ್ತ ಹೇಳಿಕೊಡುತ್ತಿದ್ದ,
ತಪ್ಪಿದರೆ ಕಿವಿ ಹಿಂಡುತ್ತಿದ್ದ.

ಮಾಜಾಳಿಯ ಕೊನೆಯ ಅಂಗಡಿ ನಮ್ಮದು.
ಹೆಸರಿಗೆ ಬೆಳ್ಳಿಕೆಲಸ, ಹೊಟ್ಟೆಗೆ ಚಿನಿವಾರಿಕೆ.
ಇಲ್ಲಿ ಕೆಮ್ಮಿದರೆ ಪೋಳೆಯ ನಾಯಿ ಬೊಗಳುವಷ್ಟು ದೂರ.
ನಡುವೆ ಒಂದು ಗುಡ್ಡ, ಎರಡು ಪಹರೆ,
ಮತ್ತೆ ಯಾರ ಮುದ್ರೆಯನ್ನೂ ಕೇಳದ ಸಮುದ್ರ.

ಅಜ್ಜನ ಕಾಲಕ್ಕೆ ಅಲ್ಲಿ ಟಂಗಾ ಇತ್ತಂತೆ,
ಹದಿನಾರು ಸೇರಿದರೆ ಒಂದು ರುಪಿಯ.
ರಾಜನ ತಲೆ ಹೋಗಿ ಗುರಾಣಿ ಬಂತು,
ಗುರಾಣಿಯ ಸುತ್ತ ನಮಗೆ ಓದಲಾಗದ ಅಕ್ಷರ.
ಮುಖ ನೋಡಬೇಡ, ದನಿ ಕೇಳು, ಎನ್ನುತ್ತಿದ್ದ ಅಪ್ಪ.
ಕಲ್ಲಿನ ಮೇಲೆ ಬಿಟ್ಟರೆ
ಬೆಳ್ಳಿ ಹಾಡುತ್ತದೆ, ಸೀಸ ಕೆಮ್ಮುತ್ತದೆ.

ದಾರಿ ಕಟ್ಟಿದ ವರ್ಷಗಳಲ್ಲಿ ಪೇಟೆ ನಡೆದದ್ದೆಲ್ಲ ರಾತ್ರಿ.
ದೋಣಿಯಲ್ಲಿ ಬಂದದ್ದು ಕೈಗಡಿಯಾರ, ಬ್ಲೇಡು,
ಹೋದದ್ದು ಈರುಳ್ಳಿ.
ಎಸ್ಪೆರಾನ್ಸ್ ಬಾಯಿ ಸಿರ್ಕಾ ಬಾಟಲಿ ಹೊತ್ತು ಬರುವಳು,
ನನಗೊಂದು ಚೂರು ದೊದೊಲ್ ತರುವಳು.
ಮಗ್ಗಿ ಒಪ್ಪಿಸು ಎನ್ನುವಳು. ಒಪ್ಪಿಸಿದರೆ ನಗುವಳು:
ಶೇಟ್, ನಿನ್ನ ಮಗಳೇ ಒಂದು ಬ್ಯಾಂಕು!

ಆ ಡಿಸೆಂಬರಿನಲ್ಲಿ ಟ್ರಕ್ಕು, ವಿಮಾನ, ಎರಡು ದಿನದ ಗುಡುಗು.
ಮೂರನೆಯ ಬೆಳಿಗ್ಗೆ ಗಡಿಯೇ ಇಲ್ಲ.
ಗಡಿಯ ಜೊತೆ ಅಪ್ಪನ ಅನ್ನವೂ ಹೋಯಿತೆಂದು
ನನಗೆ ಹೊಳೆಯಲಿಲ್ಲ.
ಮೆಟ್ಟಿಲ ತುಂಬ ಜನ. ಮುಷ್ಟಿಯಲ್ಲಿ, ಸೆರಗಿನಲ್ಲಿ,
ಪ್ರಾರ್ಥನೆಯ ಪುಸ್ತಕದ ಹಾಳೆಗಳ ನಡುವೆ
ಉದ್ದ ಗಡ್ಡದ ದೊರೆಯ ನೋಟು.
ಇನ್ನು ಇದು ಬರೀ ಕಾಗದ, ಎಂದು ಯಾರೋ ಅಂದರು.
ಸರಕಾರ ಬದಲಿಸಿಕೊಡುತ್ತದೆ, ಆರಕ್ಕೊಂದರಂತೆಯೇ,
ಸ್ವಲ್ಪ ತಡೆಯಿರಿ, ಎಂದು ಯಾರೂ ಅನ್ನಲಿಲ್ಲ.
ಅಪ್ಪನಿಗೆ ಗೊತ್ತಿತ್ತು.
ಟ್ರೆಜರಿಯ ಗುಮಾಸ್ತ ಹಿಂದಿನ ರಾತ್ರಿ
ನಮ್ಮಲ್ಲೇ ಉಂಡಿದ್ದ, ಬಂಗಡೆ ಸಾರು.

ಎಸ್ಪೆರಾನ್ಸ್ ಬಾಯಿ ಎಣಿಸಿ ಇಟ್ಟದ್ದು ನೂರಾ ಹದಿನಾಲ್ಕು.
ಹತ್ತಕ್ಕೊಂದು, ಎಂದ ಅಪ್ಪ,
ಖಾಲಿ ತಕ್ಕಡಿಯನ್ನೇ ನೋಡುತ್ತ.
ಅವಳು ಅಪ್ಪನನ್ನು ನೋಡಲಿಲ್ಲ.
ನನ್ನನ್ನು ನೋಡಿದಳು.
ಮಗ್ಗಿ ಗಂಟಲವರೆಗೆ ಬಂತು,
ದೊದೊಲಿನ ಹಾಗೆ ಅಂಗುಳಿಗೆ ಅಂಟಿ ನಿಂತಿತು.
ಹನ್ನೊಂದು ರೂಪಾಯಿ ನಲವತ್ತು ಪೈಸೆ
ಅವಳ ಸೆರಗಿನ ಗಂಟಾಯಿತು.
ಆ ಬೇಸಿಗೆ ನಮ್ಮ ಮಾಡಿಗೆ ಮಂಗಳೂರು ಹೆಂಚು ಬಂತು.

ಮುಂದೆ ನಾನು ನಿಜಕ್ಕೂ ಬ್ಯಾಂಕಾದೆ.
ಮೂವತ್ತೆಂಟು ವರ್ಷ ಕಾರವಾರದ ಕೌಂಟರಿನಲ್ಲಿ
ಒದ್ದೆ ಸ್ಪಂಜಿಗೆ ಬೆರಳು ಒತ್ತಿ ಎಣಿಸಿದೆ.
ಒಂದು ಪೈಸೆ ಹೆಚ್ಚಿಲ್ಲ, ಕಡಿಮೆಯಿಲ್ಲ.
ರಾಯ್ಕರ್ ಬಾಯಿಯ ಕೈಗೆ ನಾಣ್ಯ ಇದೆ, ಎಂದರು ಜನ.
ಹೆಂಚಿನ ವಿಷಯ ಅವರಿಗೆ ಗೊತ್ತಿರಲಿಲ್ಲ.

ನಿವೃತ್ತಿಯ ಮರುವಾರ ಪೋಳೆಗೆ ಹೋದೆ.
ರಸ್ತೆಯ ಎರಡೂ ಬದಿ ಸರಾಯಿ ಅಂಗಡಿ,
ಅದರಲ್ಲೊಂದು ಅವಳ ಮೊಮ್ಮಗನದು.
ಏಳು ರೂಪಾಯಿ ಅರವತ್ತು ಪೈಸೆ ಬಾಕಿ ಇದೆ, ಎಂದೆ,
ಬಡ್ಡಿಯ ಲೆಕ್ಕ ಈ ಚೀಟಿಯಲ್ಲಿ.
ಚೀಟಿಯನ್ನು ಅವನು ಮುಟ್ಟಲೂ ಇಲ್ಲ. ನಕ್ಕ:
ಎಂಟು ಕೊಡಿ, ಇಲ್ಲ ಏಳೇ ಸಾಕು,
ಅರವತ್ತು ಪೈಸೆ ಈಗ ಯಾರ ಹತ್ತಿರ ಇದೆ ಬಾಯಿ?

ಪರ್ಸಿನಲ್ಲಿ ತಡಕಾಡಿದೆ.
ನಮ್ಮ ಹತ್ತು ಪೈಸೆಯೂ ಸತ್ತು ಹೋಗಿದೆಯಲ್ಲ,
ನಾನೇ ಮೂಟೆ ಹೊಲಿಸಿ, ಅರಗು ಒತ್ತಿ,
ಲಾರಿಗೆ ಹಾಕಿಸಿ ಕಳಿಸಿದ್ದೆನಲ್ಲ.
ಎಂಟಿಟ್ಟರೆ ಉದಾರಿ,
ಏಳಿಟ್ಟರೆ ಅಪ್ಪನ ಮಗಳು.

ಅವನು ಬೇರೆ ಗಿರಾಕಿಗೆ
ಪೇಪರಿನಲ್ಲಿ ಬಾಟಲಿ ಸುತ್ತತೊಡಗಿದ.
ಕಡಪಾ ಕಲ್ಲಿನ ಮೇಲೆ ಒಂದೊಂದೇ ಬಿಟ್ಟೆ,
ಏಳು ನಾಣ್ಯ, ಕಿವಿಗೊಟ್ಟು.
ಹಾಡಲಿಲ್ಲ.
ಕೆಮ್ಮಲೂ ಇಲ್ಲ.